ಗಾಳಿಯಿಂದ ಗೊಬ್ಬರ: ಬೇರುಗಂಟಿನೊಳಗೊಂದು ರಿಯಾಕ್ಟರ್

ಕಳೆದ ವರ್ಷ ಆಗಸ್ಟ್ ಮೊದಲ ವಾರ. ಸೆಮಿಸ್ಟರ್ ಪರೀಕ್ಷೆ ಮುಗಿಸಿ ತಿಪಟೂರು ಕಡೆಯ ನಮ್ಮೂರಿಗೆ ಹೋಗಿದ್ದೆ. ರಾಗಿಗೆ ಮೇಲುಗೊಬ್ಬರ ಕೊಡುವ ಸಮಯ. ಅಪ್ಪ ಬೆಳಿಗ್ಗೆ ಆರಕ್ಕೇ ಎದ್ದು ಯೂರಿಯಾಗೆ ಸಾಲು ನಿಲ್ಲೋಕೆ ಹೋದರು. ಮಧ್ಯಾಹ್ನ ಬರಿಗೈಲಿ ವಾಪಸ್. ಮಾರನೇ ದಿನವೂ ಹೋದರು, ಆವತ್ತು ಒಂದು ಮೂಟೆ ಸಿಕ್ಕಿತು. ಊಟಕ್ಕೆ ಕೂತಾಗ ನನ್ನ ಕಡೆ ನೋಡಿ, "ಇದನ್ನ ಗಾಳಿಯಿಂದಾನೇ ಮಾಡ್ತಾರಂತಲ್ಲ? ಅಷ್ಟು ಇಂಜಿನಿಯರಿಂಗ್ ಓದ್ತೀಯ, ನಿಂಗೆ ಬರಲ್ವಾ?" ಅಂದರು.

ತಮಾಷೆಗೆ ಹೇಳಿದ ಮಾತೇ. ಆದ್ರೆ ರಾತ್ರಿ ಮಲಗಿದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಹೇಬರ್ ವಿಧಾನ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅದಕ್ಕೂ ಅಪ್ಪನ ಸಾಲಿಗೂ ಸಂಬಂಧ ಇದೆ ಅಂತ ಒಮ್ಮೆಯೂ ಅನ್ನಿಸಿರಲಿಲ್ಲ. ಆಮೇಲೆ ಒಂದು ವರ್ಷ ಇದರ ಬಗ್ಗೆ ಓದಿದ್ದು, ಹೊಲದಲ್ಲಿ ಮಾಡಿ ಕೆಡಿಸಿಕೊಂಡು ಕಲಿತದ್ದು ಎರಡನ್ನೂ ಸೇರಿಸಿ ಈ ಲೇಖನ ಬರೀತಿದ್ದೀನಿ. ನಮ್ಮಲ್ಲಿ ಅರ್ಧಕ್ಕರ್ಧ ಜನ ಹೊಲ ಇರುವ ಮನೆಯಿಂದ ಬಂದವರು. ಉಳಿದ ಅರ್ಧ ಜನ ಮೆಸ್‌ನಲ್ಲಿ ದಿನಾ ಬೇಳೆ ಸಾರು ಉಣ್ಣುವವರು. ಹಾಗಾಗಿ ಇದು ಎಲ್ಲರಿಗೂ ಸಂಬಂಧಪಟ್ಟ ವಿಷಯವೇ.

ತಲೆ ಮೇಲೆ ಎಷ್ಟಿದೆ?

ಮೊದಲು ಒಂದು ಸಣ್ಣ ಲೆಕ್ಕ. ವಾಯುಮಂಡಲದ ಒತ್ತಡ ಸುಮಾರು 1,01,325 ಪಾಸ್ಕಲ್. ಇದನ್ನು 9.81ರಿಂದ ಭಾಗಿಸಿದರೆ ಒಂದು ಚದರ ಮೀಟರ್ ನೆಲದ ಮೇಲೆ ನಿಂತಿರುವ ಗಾಳಿಯ ತೂಕ ಸಿಗುತ್ತೆ, ಸುಮಾರು 10,330 ಕೆಜಿ. ಗಾಳಿಯಲ್ಲಿ ಸಾರಜನಕ ಗಾತ್ರದಲ್ಲಿ ಶೇ. 78, ತೂಕದಲ್ಲಿ ಸುಮಾರು ಶೇ. 75.5. ಒಂದು ಎಕರೆ ಅಂದ್ರೆ 4,047 ಚದರ ಮೀಟರ್. ಗುಣಿಸಿ ನೋಡಿ, ಒಂದೇ ಎಕರೆ ಹೊಲದ ಮೇಲೆ ಸುಮಾರು 31 ಸಾವಿರ ಟನ್ ಸಾರಜನಕ ನಿಂತಿದೆ!

ಈಗ ಬೇಡಿಕೆ ಕಡೆ ನೋಡೋಣ. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 50 ಕೆಜಿ ಸಾರಜನಕ, ಎಕರೆಗೆ ಸುಮಾರು 20 ಕೆಜಿ. ಯೂರಿಯಾದಲ್ಲಿ ಸಾರಜನಕ ಶೇ. 46. ಈಗಿನ 45 ಕೆಜಿ ಮೂಟೆಯಲ್ಲಿ ಇರುವುದು 20.7 ಕೆಜಿ. ಅಂದ್ರೆ ಎಕರೆಗೆ ಒಂದು ಮೂಟೆ. ತಲೆ ಮೇಲೆ 31 ಸಾವಿರ ಟನ್ ಇಟ್ಟುಕೊಂಡು ಅಪ್ಪ ಎರಡು ದಿನ ಸಾಲು ನಿಂತದ್ದು 20 ಕೆಜಿಗೆ.

ಯಾಕೆ ಹೀಗೆ? ಗಾಳಿಯಲ್ಲಿರುವ ಸಾರಜನಕ ಎರಡೆರಡು ಪರಮಾಣು ಜೋಡಿಯಾಗಿ, ಮೂರು ಬಂಧಗಳಿಂದ ಬಿಗಿದುಕೊಂಡು ಕೂತಿದೆ. ಆ ತ್ರಿಬಂಧ ಮುರಿಯೋಕೆ ಮೋಲ್‌ಗೆ ಸುಮಾರು 945 ಕಿಲೋಜೂಲ್ ಬೇಕು. ನಾವು ದಿನಾ ಕಾಣುವ ಅಣುಗಳಲ್ಲಿ ಇಷ್ಟು ಗಟ್ಟಿ ಬಂಧ ಅಪರೂಪ. ಗಿಡದ ಬೇರಿಗೆ ಬೇಕಾದದ್ದು ಅಮೋನಿಯಂ ಅಥವಾ ನೈಟ್ರೇಟ್ ರೂಪ. ಹೀಗಾಗಿ ಗಾಳಿಯ ಸಾರಜನಕ ಗಿಡದ ಪಾಲಿಗೆ ಬೀಗ ಹಾಕಿದ ಕಣಜ. ಆ ಬೀಗ ತೆಗೆಯುವ ಕೆಲಸಕ್ಕೇ ಸಾರಜನಕ ಸ್ಥಿರೀಕರಣ ಅಂತ ಹೆಸರು.

ಮನುಷ್ಯ ಮಾಡಿದ ಕೀಲಿ

1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಸಾರಜನಕ ಮತ್ತು ಜಲಜನಕವನ್ನು ಭಾರೀ ಒತ್ತಡದಲ್ಲಿ ಸೇರಿಸಿ ಅಮೋನಿಯ ಮಾಡಿ ತೋರಿಸಿದ. ಅದನ್ನು ಕಾರ್ಖಾನೆ ಮಟ್ಟಕ್ಕೆ ತಂದವನು ಕಾರ್ಲ್ ಬಾಷ್. 1913ರಲ್ಲಿ ಒಪ್ಪೌ ಎಂಬಲ್ಲಿ ಮೊದಲ ಘಟಕ ಶುರುವಾಯಿತು. ಇಬ್ಬರಿಗೂ ನೊಬೆಲ್ ಬಂತು, ಹೇಬರ್‌ಗೆ 1918ರದ್ದು, ಬಾಷ್‌ಗೆ 1931ರದ್ದು.

ಈ ಕ್ರಿಯೆ ಶಾಖ ಬಿಡುವಂಥದ್ದು. ಲೆ ಶಾಟೆಲಿಯೆ ನಿಯಮದ ಪ್ರಕಾರ ಉಷ್ಣತೆ ಕಡಿಮೆ ಇದ್ದಷ್ಟೂ ಅಮೋನಿಯ ಜಾಸ್ತಿ ಸಿಗಬೇಕು. ಆದ್ರೆ ಕಡಿಮೆ ಉಷ್ಣತೆಯಲ್ಲಿ ಆ ತ್ರಿಬಂಧ ಅಲ್ಲಾಡೋದೇ ಇಲ್ಲ, ಕ್ರಿಯೆ ಆಮೆ ವೇಗದಲ್ಲಿ ನಡೆಯುತ್ತೆ. ಉಷ್ಣತೆ ಏರಿಸಿದ್ರೆ ವೇಗ ಬರುತ್ತೆ, ಇಳುವರಿ ಬೀಳುತ್ತೆ. ಎರಡರ ನಡುವಿನ ರಾಜಿಯೇ ಇವತ್ತಿನ ಘಟಕಗಳ 400ರಿಂದ 500 ಡಿಗ್ರಿ ಸೆಲ್ಸಿಯಸ್, 150ರಿಂದ 250 ವಾಯುಮಂಡಲ ಒತ್ತಡ ಮತ್ತು ಕಬ್ಬಿಣದ ಕ್ಯಾಟಲಿಸ್ಟ್. ಬೇಕಾದ ಜಲಜನಕ ಹೆಚ್ಚಾಗಿ ಬರುವುದು ನೈಸರ್ಗಿಕ ಅನಿಲದಿಂದ. ಒಂದು ಟನ್ ಅಮೋನಿಯಕ್ಕೆ ಒಳ್ಳೆಯ ಘಟಕದಲ್ಲೂ 28 ಗಿಗಾಜೂಲ್ ಹತ್ತಿರ ಶಕ್ತಿ ಬೇಕು. ನಮ್ಮ ಮಂಗಳೂರಿನ ಪಣಂಬೂರಿನಲ್ಲಿರುವ ಯೂರಿಯಾ ಕಾರ್ಖಾನೆ ಮೊದಲು ನಾಫ್ತಾದಿಂದ ನಡೀತಿತ್ತು. 2021ರ ಜನವರಿಯಲ್ಲಿ ಕೊಚ್ಚಿ-ಮಂಗಳೂರು ಅನಿಲ ಕೊಳವೆ ಮಾರ್ಗ ಉದ್ಘಾಟನೆಯಾಯಿತು. ಈಗ ಕಾರ್ಖಾನೆ ನಡೆಯುವುದು ಅನಿಲದಿಂದ. ಹೀಗೆ ದೂರದ ಗ್ಯಾಸ್ ಬೆಲೆಗೂ ನಮ್ಮೂರ ಗೊಬ್ಬರದ ಅಂಗಡಿಯ ಸಾಲಿಗೂ ನೇರ ನಂಟು ಬಿತ್ತು.

ಹೇಬರ್-ಬಾಷ್ ವಿಧಾನವನ್ನು ಬೈಯೋದು ನನ್ನ ಉದ್ದೇಶ ಅಲ್ಲ. ಇವತ್ತು ಜಗತ್ತಿನ ಸುಮಾರು ಅರ್ಧದಷ್ಟು ಜನರ ಊಟ ಈ ವಿಧಾನದ ಸಾರಜನಕದಿಂದ ಬೆಳೆದದ್ದು ಅಂತ ಅಂದಾಜು ಇದೆ. ತೊಂದರೆ ಇರೋದು ಬಳಕೆಯಲ್ಲಿ. ಹೊಲಕ್ಕೆ ಹಾಕಿದ ಸಾರಜನಕದಲ್ಲಿ ಬೆಳೆಗೆ ಸಿಗುವುದು ಅನೇಕ ಕಡೆ ಅರ್ಧಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಸ್ವಲ್ಪ ಅಮೋನಿಯ ಅನಿಲವಾಗಿ ಹಾರಿಹೋಗುತ್ತೆ. ಸ್ವಲ್ಪ ನೈಟ್ರೇಟ್ ಆಗಿ ಮಳೆನೀರಿನ ಜೊತೆ ಅಂತರ್ಜಲಕ್ಕೆ ಇಳಿಯುತ್ತೆ. ಇನ್ನು ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗುತ್ತೆ. ನೂರು ವರ್ಷದ ಲೆಕ್ಕದಲ್ಲಿ ಇದರ ಬಿಸಿ ಏರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು. ಯೂರಿಯಾದ ಸಾರಜನಕ ನಿಧಾನಕ್ಕೆ ಬಿಡುಗಡೆಯಾಗಲಿ ಅಂತಲೂ 2015ರಿಂದ ದೇಶದಲ್ಲಿ ಅದಕ್ಕೆ ಬೇವಿನ ಎಣ್ಣೆ ಲೇಪನ ಕಡ್ಡಾಯವಾಯಿತು.

ಬ್ಯಾಕ್ಟೀರಿಯಾ ಮಾಡಿದ ಕೀಲಿ

ಹೇಬರ್‌ಗಿಂತ ಕೋಟ್ಯಂತರ ವರ್ಷ ಮೊದಲೇ ಈ ಕೆಲಸ ಕಲಿತವು ಕೆಲವು ಸೂಕ್ಷ್ಮಜೀವಿಗಳು. ಅವುಗಳ ಹತ್ತಿರ ನೈಟ್ರೋಜಿನೇಸ್ ಅನ್ನುವ ಕಿಣ್ವ ಇದೆ. 500 ಡಿಗ್ರಿ ಬೇಡ, 200 ಪಟ್ಟು ಒತ್ತಡ ಬೇಡ. ಹೊಲದ ಮಣ್ಣಿನ ಉಷ್ಣತೆಯಲ್ಲಿ, ಸಾಮಾನ್ಯ ಒತ್ತಡದಲ್ಲೇ ಕೆಲಸ ಆಗುತ್ತೆ. ಅದರ ಸಮೀಕರಣ ಹೀಗಿದೆ:

1 ಸಾರಜನಕ ಅಣು + 8 ಪ್ರೋಟಾನ್ + 8 ಎಲೆಕ್ಟ್ರಾನ್ + 16 ಎಟಿಪಿ → 2 ಅಮೋನಿಯ + 1 ಜಲಜನಕ ಅಣು + 16 ಎಡಿಪಿ + 16 ಫಾಸ್ಫೇಟ್

ಇದರಲ್ಲಿ ಎರಡು ಪ್ರೋಟೀನ್ ಭಾಗಗಳಿವೆ. ಒಂದು ಕಬ್ಬಿಣದ ಪ್ರೋಟೀನ್, ಅದು ಎಟಿಪಿ ಖರ್ಚು ಮಾಡಿ ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ತಳ್ಳುವ ಪಂಪ್ ಇದ್ದಂತೆ. ಇನ್ನೊಂದು ಮಾಲಿಬ್ಡಿನಂ-ಕಬ್ಬಿಣದ ಪ್ರೋಟೀನ್, ಅದರ ನಡುವೆ ಕಬ್ಬಿಣ, ಗಂಧಕ, ಮಾಲಿಬ್ಡಿನಂ ಸೇರಿದ ಒಂದು ಪುಟ್ಟ ಗುಚ್ಛ ಇದೆ. ಸಾರಜನಕ ಅಣು ಬಂದು ಸಿಕ್ಕಿಕೊಳ್ಳುವುದು ಅಲ್ಲೇ. ಹೇಬರ್-ಬಾಷ್ ವಿಧಾನ ಕೂಡ ಕೊನೆಗೆ ನಿಂತದ್ದು ಕಬ್ಬಿಣದ ಮೇಲೆ, ಬ್ಯಾಕ್ಟೀರಿಯಾ ಕೂಡ ಕಬ್ಬಿಣದ ಮೇಲೆ!

ಇಲ್ಲಿ ಒಂದು ತಪ್ಪು ತಿಳುವಳಿಕೆ ಬಿಡಬೇಕು. ಜೈವಿಕ ವಿಧಾನ "ಪುಕ್ಕಟೆ" ಅಲ್ಲ. ಒಂದು ಅಣುವಿಗೆ 16 ಎಟಿಪಿ ಅಂದ್ರೆ ದುಬಾರಿಯೇ. ವೇಗವೂ ಕಮ್ಮಿ, ಒಂದು ಕಿಣ್ವ ಸೆಕೆಂಡಿಗೆ ಒಂದೆರಡು ಸಾರಜನಕ ಅಣುವನ್ನಷ್ಟೇ ಮುರಿಯಬಲ್ಲದು. ವ್ಯತ್ಯಾಸ ಏನಪ್ಪಾ ಅಂದ್ರೆ, ಇಲ್ಲಿ ಬಿಲ್ ಕಟ್ಟೋದು ಸೂರ್ಯ. ಗಿಡ ದ್ಯುತಿಸಂಶ್ಲೇಷಣೆಯಿಂದ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರಿಗೆ ಇಳಿಸಿ ಬ್ಯಾಕ್ಟೀರಿಯಾಗೆ ತಿನ್ನಿಸುತ್ತೆ. ಒಂದು ಗ್ರಾಂ ಸಾರಜನಕಕ್ಕೆ ಹಲವು ಗ್ರಾಂ ಇಂಗಾಲ ಕೊಡಬೇಕಾಗುತ್ತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನಾನು ಮಾಡಿದ ತಪ್ಪು ಅರ್ಥ ಆಗೋಕೆ ಇದೇ ಆಧಾರ.

ಗಂಟು ಕಟ್ಟುವ ಕಥೆ

ಬೇಳೆಕಾಳು ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರುತ್ತೆ ಅನ್ನೋದು ರೈತರಿಗೆ ಎಷ್ಟೋ ಕಾಲದಿಂದ ಗೊತ್ತಿತ್ತು. ಯಾಕೆ ಅನ್ನೋದು ಸಾಬೀತಾದದ್ದು 1880ರ ದಶಕದಲ್ಲಿ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್, ದ್ವಿದಳ ಗಿಡಗಳು ಬೇರುಗಂಟಿನ ಸೂಕ್ಷ್ಮಜೀವಿಗಳ ಸಹಾಯದಿಂದ ಗಾಳಿಯ ಸಾರಜನಕ ಬಳಸುತ್ತವೆ ಅಂತ ತೋರಿಸಿದರು. 1888ರಲ್ಲಿ ನೆದರ್ಲೆಂಡ್ಸ್‌ನ ಬೇಯರಿಂಕ್ ಆ ಬ್ಯಾಕ್ಟೀರಿಯಾವನ್ನೇ ಬೇರ್ಪಡಿಸಿದ. ಅದೇ ರೈಜೋಬಿಯಂ.

ಗಂಟು ಕಟ್ಟುವುದು ಒಂದು ಹ್ಯಾಂಡ್‌ಶೇಕ್ ಪ್ರೋಟೋಕಾಲ್ ಇದ್ದಂತೆ. ಸಾರಜನಕದ ಕೊರತೆ ಇರುವ ಗಿಡ ಬೇರಿನಿಂದ ಫ್ಲೇವನಾಯ್ಡ್ ಅನ್ನುವ ರಾಸಾಯನಿಕ ಬಿಡುತ್ತೆ. ಮಣ್ಣಿನಲ್ಲಿರುವ ಸರಿಯಾದ ರೈಜೋಬಿಯಂ ಅದನ್ನು ಗುರುತಿಸಿ ನಾಡ್ ಫ್ಯಾಕ್ಟರ್ ಅನ್ನುವ ಉತ್ತರ ಕಳಿಸುತ್ತೆ. ಉತ್ತರ ಸರಿಹೊಂದಿದರೆ ಬೇರಿನ ರೋಮ ಸುರುಳಿ ಸುತ್ತಿಕೊಂಡು ಬ್ಯಾಕ್ಟೀರಿಯಾವನ್ನು ಹಿಡಿದುಕೊಳ್ಳುತ್ತೆ. ಒಂದು ಸಣ್ಣ ಕೊಳವೆ ಮೂಲಕ ಅದು ಒಳಗೆ ಇಳಿಯುತ್ತೆ. ಬೇರಿನ ಜೀವಕೋಶಗಳು ವಿಭಜನೆಯಾಗಿ ಗಂಟು ಬೆಳೆಯುತ್ತೆ. ಪಾಸ್‌ವರ್ಡ್ ತಪ್ಪಾದರೆ ಬಾಗಿಲು ತೆಗೆಯಲ್ಲ. ಅದಕ್ಕೇ ಸೋಯಾ ಅವರೆಯ ರೈಜೋಬಿಯಂ ಕಡಲೆಗೆ ಆಗಲ್ಲ, ಕಡಲೆಯದ್ದು ಶೇಂಗಾಕ್ಕೆ ಆಗಲ್ಲ. ಅಲಸಂದೆ, ತೊಗರಿ, ಹೆಸರು, ಶೇಂಗಾ ಮಾತ್ರ ಹೆಚ್ಚು ಕಡಿಮೆ ಒಂದೇ ಗುಂಪಿನ ಬ್ಯಾಕ್ಟೀರಿಯಾವನ್ನು ಒಪ್ಪಿಕೊಳ್ಳುತ್ತವೆ.

ಇನ್ನು ಅಸಲಿ ಡಿಸೈನ್ ಸಮಸ್ಯೆ. ನೈಟ್ರೋಜಿನೇಸ್‌ಗೆ ಆಮ್ಲಜನಕ ತಗುಲಿದರೆ ಅದು ಕೆಟ್ಟುಹೋಗುತ್ತೆ. ಆದ್ರೆ 16 ಎಟಿಪಿ ಮಾಡಬೇಕಾದ್ರೆ ಬ್ಯಾಕ್ಟೀರಿಯಾ ಉಸಿರಾಡಲೇಬೇಕು, ಅದಕ್ಕೆ ಆಮ್ಲಜನಕ ಬೇಕೇ ಬೇಕು. ಬೇಕು, ಆದ್ರೆ ಇರಬಾರದು! ಗಿಡ ಇದಕ್ಕೆ ಕಂಡುಕೊಂಡ ಉತ್ತರ ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಂಬಂಧಿಯೇ ಇದು. ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಿಡಿಯಾಗಿ ಓಡಾಡಲು ಬಿಡದೆ, ಬ್ಯಾಕ್ಟೀರಿಯಾಗೆ ಬೇಕಾದಷ್ಟೇ ತಲುಪಿಸುತ್ತೆ. ಎಲೆಕ್ಟ್ರಾನಿಕ್ಸ್‌ನವರ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ರೆಗ್ಯುಲೇಟರ್: ಕರೆಂಟ್ ಬೇಕಾದಷ್ಟು ಕೊಡುತ್ತೆ, ವೋಲ್ಟೇಜ್ ಏರಲು ಬಿಡಲ್ಲ. ಇದರ ಬಣ್ಣ ಕೆಂಪು. ಅದಕ್ಕೇ ಕೆಲಸ ಮಾಡುತ್ತಿರುವ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಾಣುತ್ತೆ. ಲ್ಯಾಬ್ ಇಲ್ಲದೆ, ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದಾದ ಟೆಸ್ಟ್ ಇದು.

ನನ್ನ ಗಂಟು ಬೆಳ್ಳಗಿತ್ತು

ಹಿಂದಿನ ವರ್ಷದ ಆ ರಜೆಯಲ್ಲೇ ಈ ಟೆಸ್ಟ್ ಮಾಡಿದೆ. ಜೂನ್ ಕೊನೆಯಲ್ಲಿ ಒಂದು ಪಟ್ಟೆಗೆ ಅಲಸಂದೆ ಹಾಕಿದ್ದೆವು. ಬೀಜಕ್ಕೆ ಬಳಸಲು ರೈಜೋಬಿಯಂ ಪೊಟ್ಟಣ ತಂದುಕೊಟ್ಟವನು ನಾನೇ. 40 ದಿನದ ಗಿಡವನ್ನು ಸಲಿಕೆಯಿಂದ ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಲ್ಲಿ ತೊಳೆದು ನೋಡಿದೆ. ಗಂಟುಗಳು ಇದ್ದವು, ಆದ್ರೆ ಅಲ್ಲೊಂದು ಇಲ್ಲೊಂದು, ಸಾಸಿವೆಯಷ್ಟು ಸಣ್ಣವು. ಸೀಳಿದೆ. ಒಳಗೆ ಬಿಳಿ. ಇನ್ನೊಂದು ಸೀಳಿದೆ, ಬಿಳಿ. ಹತ್ತು ಗಿಡ ಕಿತ್ತರೆ ಗುಲಾಬಿ ಕಂಡದ್ದು ಎರಡರಲ್ಲಿ.

ಎಲ್ಲಿ ಕೆಟ್ಟಿತು ಅಂತ ಕೂತು ಲೆಕ್ಕ ಹಾಕಿದಾಗ ಮೂರು ತಪ್ಪು ಸಿಕ್ಕವು.

ಮೊದಲನೆಯದು ನನ್ನದೇ. ಪೊಟ್ಟಣವನ್ನು ಎಂಟು ದಿನ ಹಾಸ್ಟೆಲ್ ಕಿಟಕಿಯಲ್ಲಿ ಬಿಸಿಲಿಗೆ ಬಿಟ್ಟಿದ್ದೆ. ಅದರಲ್ಲಿ ಇರೋದು ಪುಡಿ ಅಲ್ಲ, ಜೀವ. ಬಿಸಿಲಿಗೆ ಹೆಚ್ಚಿನವು ಸತ್ತೇ ಹೋಗಿರಬೇಕು.

ಎರಡನೆಯದು, ಬೀಜಕ್ಕೆ ಆಗಲೇ ಶಿಲೀಂಧ್ರನಾಶಕ ಹಚ್ಚಿತ್ತು. ಅದರ ಮೇಲೇ ಪೊಟ್ಟಣ ಸುರಿದು ಕಲಸಿದ್ದೆವು. ಬದುಕಿದ್ದವಕ್ಕೂ ಅಲ್ಲಿ ಉಳಿಗಾಲ ಇರಲಿಲ್ಲ.

ಮೂರನೆಯದು ಅಪ್ಪನದ್ದು. ಇಪ್ಪತ್ತನೇ ದಿನಕ್ಕೆ ಎಲೆ ಸ್ವಲ್ಪ ತಿಳಿಯಾಗಿ ಕಂಡಿತು ಅಂತ ಎರಡು ಬೊಗಸೆ ಯೂರಿಯಾ ಎರಚಿದ್ದರು. ಇಲ್ಲಿಗೆ ಬರುತ್ತೆ ಆ ಹಳೇ ಮಾತು. ಗಂಟು ಸಾಕೋದು ಗಿಡಕ್ಕೆ ದುಬಾರಿ. ಮಣ್ಣಲ್ಲೇ ನೈಟ್ರೇಟ್ ಸಿಗುತ್ತಿದ್ದರೆ ಗಿಡ ಸಕ್ಕರೆ ಯಾಕೆ ಖರ್ಚು ಮಾಡುತ್ತೆ? ಗಂಟು ಕಟ್ಟೋದನ್ನೇ ನಿಲ್ಲಿಸುತ್ತೆ. ಅಪ್ಪ ಸಾಲು ನಿಂತು ತಂದ ಗೊಬ್ಬರ, ಪುಕ್ಕಟೆ ಬರಬೇಕಿದ್ದ ಗೊಬ್ಬರವನ್ನು ಬಂದ್ ಮಾಡಿತ್ತು.

ನಮ್ಮ ಮಣ್ಣಲ್ಲಿ ಅಲಸಂದೆಗೆ ಒಗ್ಗುವ ರೈಜೋಬಿಯಂ ಸಾಮಾನ್ಯವಾಗಿ ಇದ್ದೇ ಇರುತ್ತೆ, ಹಾಗಾಗಿ ಗಂಟು ಕಂಡದ್ದು ಆಶ್ಚರ್ಯ ಅಲ್ಲ. ಆದ್ರೆ ಗಂಟಿಗೆ ಸೇರಿಕೊಂಡವೆಲ್ಲ ದುಡಿಯುವವಲ್ಲ. ಸಕ್ಕರೆ ತಿಂದು ಸುಮ್ಮನೆ ಕೂರುವ ತಳಿಗಳೂ ಇವೆ. ಗಂಟು ಎಣಿಸಿದರೆ ಸಾಲದು, ಸೀಳಿ ನೋಡಬೇಕು.

ಈ ವರ್ಷ ಸರಿಯಾಗಿ ಮಾಡಿದೆವು. ತಯಾರಿಕೆ ದಿನಾಂಕ ನೋಡಿ ಹೊಸ ಪೊಟ್ಟಣ ತಂದು ನೆರಳಲ್ಲಿ, ತಂಪಲ್ಲಿ ಇಟ್ಟೆವು. ಒಂದು ಎಕರೆ ಬೀಜಕ್ಕೆ 200 ಗ್ರಾಂ ಪೊಟ್ಟಣ. ಬೆಲ್ಲದ ನೀರು ಕುದಿಸಿ, ಪೂರ್ತಿ ಆರಿದ ಮೇಲೆ ಬೀಜಕ್ಕೆ ಚಿಮುಕಿಸಿ, ಪುಡಿ ಹಾಕಿ ಕೈಯಿಂದ ಮೆಲ್ಲಗೆ ಹೊರಳಿಸಿ, ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಿದೆವು. ಔಷಧಿ ಹಚ್ಚದ ಬೀಜವನ್ನೇ ತಂದಿದ್ದೆವು. ಬಿತ್ತುವಾಗ ರಂಜಕದ ಗೊಬ್ಬರ ಕೊಟ್ಟೆವು, ಯಾಕಂದ್ರೆ ಎಟಿಪಿಗೆ ರಂಜಕ ಬೇಕಲ್ಲ. ಯೂರಿಯಾ ಮುಟ್ಟಲಿಲ್ಲ. 40ನೇ ದಿನಕ್ಕೆ ಗಿಡ ಎತ್ತಿ ತೊಳೆದಾಗ ತಾಯಿಬೇರಿನ ಸುತ್ತ ಮೆಣಸಿನ ಕಾಳಿನಂಥ ಗಂಟುಗಳು. ಸೀಳಿ ಅಪ್ಪನ ಅಂಗೈ ಮೇಲಿಟ್ಟೆ. "ಅರೆ, ರಕ್ತ ಇದ್ದಂಗೈತೆ" ಅಂದರು.

ಹಾಗಾದ್ರೆ ಯೂರಿಯಾ ಬೇಡವೇ ಬೇಡವಾ?

ಇಲ್ಲಿ ಜಾಗ್ರತೆ ಬೇಕು. "ಬೇಳೆಕಾಳು ಹಾಕಿ, ಗೊಬ್ಬರದ ಚಿಂತೆ ಬಿಡಿ" ಅಂತ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ನಾವು ಇಂಜಿನಿಯರಿಂಗ್ ಓದುವವರು, ಮಾಸ್ ಬ್ಯಾಲೆನ್ಸ್ ಹಾಕದೆ ಒಪ್ಪಬಾರದು. ಒಂದು ಎಕರೆ ತೊಗರಿ ತಗೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ನಿಮ್ಮ ಹೊಲದಲ್ಲಿ ಬೇರೆ ಇರುತ್ತವೆ, ವಿಧಾನ ಮಾತ್ರ ಇದೇ.

ಕಾಳು 500 ಕೆಜಿ, ಅದರಲ್ಲಿ ಸಾರಜನಕ ಶೇ. 3.5, ಅಂದ್ರೆ 17.5 ಕೆಜಿ.
ಕಡ್ಡಿ 1,200 ಕೆಜಿ, ಸಾರಜನಕ ಶೇ. 0.6, ಅಂದ್ರೆ ಸುಮಾರು 7 ಕೆಜಿ.
ಉದುರಿದ ಎಲೆ, ಹೊಟ್ಟು 800 ಕೆಜಿ, ಸಾರಜನಕ ಶೇ. 1.5, ಅಂದ್ರೆ 12 ಕೆಜಿ.

ಒಟ್ಟು ಸುಮಾರು 36.5 ಕೆಜಿ. ಇದೆಲ್ಲ ಗಾಳಿಯಿಂದ ಬಂದದ್ದಲ್ಲ, ಗಿಡ ಮಣ್ಣಿನಿಂದಲೂ ಎಳೆದಿರುತ್ತೆ. ಶೇ. 65 ಗಾಳಿಯದ್ದು ಅಂತ ಹಿಡಿದರೆ ಸುಮಾರು 24 ಕೆಜಿ. ಇದು ಜಮಾ.

ಈಗ ಖರ್ಚು. ಕಾಳು ಮಾರಿದರೆ 17.5 ಕೆಜಿ ಹೊಲದಿಂದ ಹೊರಗೆ. ಉಳಿಕೆ 6.5 ಕೆಜಿ. ಕಡ್ಡಿಯನ್ನು ಸೌದೆಗೆ ತಗೊಂಡು ಹೋದರೆ ಇನ್ನೂ 7 ಕೆಜಿ ಹೊರಗೆ, ಉಳಿಕೆ ಸೊನ್ನೆ! ಎಲೆ, ಹೊಟ್ಟನ್ನೂ ದನಕ್ಕೆ ಹಾಕಿ, ಆ ಸಗಣಿ ಹೊಲಕ್ಕೆ ವಾಪಸ್ ಬರದಿದ್ದರೆ ಲೆಕ್ಕ ಮೈನಸ್‌ಗೆ ಹೋಗುತ್ತೆ. ಬೇರಿನ ಪಾಲು ಇಲ್ಲಿ ಸೇರಿಸಿಲ್ಲ. ಅದು ಸೇರಿದರೆ ಚಿತ್ರ ಸ್ವಲ್ಪ ಸುಧಾರಿಸುತ್ತೆ, ಆದ್ರೆ ಒಂದು ಮೂಟೆ ಯೂರಿಯಾದ 20.7 ಕೆಜಿಯನ್ನು ಮುಟ್ಟೋದು ಕಷ್ಟ.

ಹಾಗಾದ್ರೆ ಲಾಭ ಎಲ್ಲಿ? ಮೂರು ಕಡೆ. ಒಂದು, ಶೇ. 21-22 ಪ್ರೋಟೀನ್ ಇರುವ 500 ಕೆಜಿ ಕಾಳನ್ನು ಹೆಚ್ಚು ಕಡಿಮೆ ಯೂರಿಯಾ ಇಲ್ಲದೆ ಬೆಳೆದೆವು. ಅದೇ ದೊಡ್ಡ ಉಳಿತಾಯ. ಎರಡು, ಉಳಿಕೆ ಸಣ್ಣದಾದರೂ ಅದು ಎಲೆ, ಬೇರಿನ ರೂಪದಲ್ಲಿದೆ. ನಿಧಾನಕ್ಕೆ ಕೊಳೆಯುತ್ತಾ ಸಿಗುತ್ತೆ, ಜೊತೆಗೆ ಮಣ್ಣಿಗೆ ಇಂಗಾಲವನ್ನೂ ಕೊಡುತ್ತೆ. ಮೂರು, ವರ್ಷ ವರ್ಷ ಅದೇ ಬೆಳೆ ಹಾಕೋದು ತಪ್ಪಿ ರೋಗ, ಕೀಟದ ಸರಪಳಿ ಕಡಿಯುತ್ತೆ. ಬೇಳೆಕಾಳಿನ ನಂತರದ ಬೆಳೆ ಚೆನ್ನಾಗಿ ಬರೋದಕ್ಕೆ ಸಾರಜನಕ ಒಂದೇ ಕಾರಣ ಅಲ್ಲ.

ಸಾರಜನಕವೇ ಮುಖ್ಯ ಅನ್ನೋದಾದ್ರೆ ಹಸಿರೆಲೆ ಗೊಬ್ಬರ ಬೇರೆ ದಾರಿ. ಅಪ್ಪಸೆಣಬು ಅಥವಾ ಡಯಾಂಚ ಬಿತ್ತಿ, ಸುಮಾರು 45 ದಿನಕ್ಕೆ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಕಾಳಿನ ಖರ್ಚು ಇರಲ್ಲ, ಬಂದದ್ದೆಲ್ಲ ಹೊಲಕ್ಕೇ. ಚೆನ್ನಾಗಿ ಬಂದ ಬೆಳೆ ಎಕರೆಗೆ 20ರಿಂದ 30 ಕೆಜಿ ಸಾರಜನಕ ಕೊಡಬಲ್ಲದು. ಆದ್ರೆ ಆ 45 ದಿನದ ಮಳೆ, ಉಳುಮೆ ಖರ್ಚು ರೈತನದ್ದೇ. ಒಂದೇ ಮಳೆಗಾಲ ನಂಬಿದವನಿಗೆ ಅದು ಸಣ್ಣ ಮಾತಲ್ಲ.

ಗದ್ದೆಯವರಿಗೆ ಇನ್ನೊಂದು ದಾರಿ ಇದೆ. ನಿಂತ ನೀರಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿ ಭತ್ತಕ್ಕೆ ಸಾರಜನಕ ಕೊಡುತ್ತೆ ಅಂತ 1939ರಲ್ಲೇ ತೋರಿಸಿಕೊಟ್ಟವರು ಭಾರತದ ವಿಜ್ಞಾನಿ ಪಿ. ಕೆ. ಡೇ. ಅಜೋಲಾ ಅನ್ನುವ ತೇಲುವ ಜರೀಗಿಡದ ಎಲೆಯೊಳಗೂ ಇಂಥದ್ದೇ ಪಾಚಿ ವಾಸ ಮಾಡುತ್ತೆ. ಅದನ್ನು ಗದ್ದೆಗೂ ಹಾಕ್ತಾರೆ, ಹಸುವಿಗೂ ಹಾಕ್ತಾರೆ.

ದೊಡ್ಡ ಪ್ರಮಾಣದಲ್ಲಿ ಆಗುತ್ತಾ ಅನ್ನೋರಿಗೆ ಬ್ರೆಜಿಲ್ ಉದಾಹರಣೆ. ಅಲ್ಲಿ ಯೊಹಾನಾ ಡೋಬೆರೈನರ್ ಅನ್ನುವ ವಿಜ್ಞಾನಿ, ಸೋಯಾ ಅವರೆಯನ್ನು ಸಾರಜನಕ ಗೊಬ್ಬರದ ಬದಲು ಬ್ಯಾಕ್ಟೀರಿಯಾ ನಂಬಿ ಬೆಳೆಯಬೇಕು ಅಂತ ಪಟ್ಟು ಹಿಡಿದರು. ಇವತ್ತು ಆ ದೇಶದ ವಿಶಾಲ ಸೋಯಾ ಹೊಲಗಳು ಬಹುಪಾಲು ಸಾರಜನಕ ಗೊಬ್ಬರವೇ ಇಲ್ಲದೆ ಬೆಳೆಯುತ್ತಿವೆ.

ಅಜ್ಜಿಯ ಅಕ್ಕಡಿ ಸಾಲು

ಈ ಗುಲಾಬಿ ಗಂಟನ್ನು ಅಜ್ಜಿಗೂ ತೋರಿಸಿದೆ. ಅವರು ಅಷ್ಟೇನೂ ಬೆರಗಾಗಲಿಲ್ಲ. "ನಮ್ ಕಾಲದಲ್ಲಿ ಬರೀ ರಾಗಿ ಯಾರು ಬಿತ್ತೋರು? ಅಕ್ಕಡಿ ಇರಲೇಬೇಕು" ಅಂದರು. ರಾಗಿಯ ಹೊಲದಲ್ಲಿ ಅಲ್ಲಲ್ಲಿ ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಹಾಕುವುದೇ ಅಕ್ಕಡಿ. ರಾಗಿ ಕೈಕೊಟ್ಟ ವರ್ಷ ಅವರೆ ಕೈಹಿಡೀತಿತ್ತು. ಸಾರಿಗೆ ಕಾಳು ಅಂಗಡಿಯಿಂದ ತರುವಂತಿರಲಿಲ್ಲ. ರಾಗಿ ಕೊಯ್ಲು ಮುಗಿದ ಮೇಲೂ ತೊಗರಿ ನಿಂತಿದ್ದು ಎಲೆ ಉದುರಿಸುತ್ತಿತ್ತು. ನಮ್ಮ ಮನೆಯಲ್ಲಿ ಅಕ್ಕಡಿ ನಿಂತದ್ದು ಯಾವಾಗ ಅಂತ ಕೇಳಿದೆ. ಯಂತ್ರದಿಂದ ಕೊಯ್ಲು ಮಾಡಿಸೋಕೆ ಶುರು ಮಾಡಿದ ಮೇಲೆ, ನಡುವೆ ಸಾಲು ಇದ್ದರೆ ಅಡ್ಡ ಅಂತ ಬಿಟ್ಟರಂತೆ. ಕೂಲಿಗೆ ಜನ ಸಿಗದ ಕಾಲದಲ್ಲಿ ಅದನ್ನು ತಪ್ಪು ಅನ್ನೋಕೂ ಆಗಲ್ಲ.

ಕೃಷಿ ವಿಶ್ವವಿದ್ಯಾಲಯವೂ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಂತ ಶಿಫಾರಸು ಮಾಡುತ್ತೆ. ಎಂಟು ಸಾಲಿನ ಪಟ್ಟೆಗೆ ಹೊಂದುವ, ತೊಗರಿ ಸಾಲನ್ನು ಮುಟ್ಟದ, ಸಣ್ಣ ಹಿಡುವಳಿಗೆ ಕೈಗೆಟಕುವ ಕೊಯ್ಲು ಯಂತ್ರ ಇದ್ದಿದ್ದರೆ ಅಪ್ಪ ಅಕ್ಕಡಿ ಬಿಡುತ್ತಿದ್ದರಾ? ಮೆಕ್ಯಾನಿಕಲ್ ವಿಭಾಗದ ಗೆಳೆಯರೇ, ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿದ್ದೀರಲ್ಲ, ಇಲ್ಲೊಂದಿದೆ. ಕೆಮಿಕಲ್, ಬಯೋಟೆಕ್‌ನವರಿಗೂ ಕೆಲಸ ಇದೆ: ಬಿಸಿಲಲ್ಲಿ ಎಂಟು ದಿನ ಇಟ್ಟರೂ ಸಾಯದ ರೈಜೋಬಿಯಂ ಪೊಟ್ಟಣ ಮಾಡಿ. ಸಂಶೋಧನೆಯ ಕನಸಿರುವವರಿಗೆ ಇನ್ನೂ ದೊಡ್ಡದಿದೆ. ರಾಗಿ, ಭತ್ತ, ಗೋಧಿಗೂ ಗಂಟು ಕಟ್ಟುವ ವಿದ್ಯೆ ಕಲಿಸಬಹುದಾ ಅಂತ ಹಲವು ದೇಶಗಳಲ್ಲಿ ಕೆಲಸ ನಡೀತಿದೆ. ಮೆಕ್ಸಿಕೋದ ಬೆಟ್ಟದ ಊರುಗಳಲ್ಲಿ ಬೆಳೆಯುವ ಒಂದು ಮೆಕ್ಕೆಜೋಳದ ತಳಿ, ಕಾಂಡದಿಂದ ಇಳಿಬಿಟ್ಟ ಬೇರಿನ ಲೋಳೆಯಲ್ಲಿ ಬ್ಯಾಕ್ಟೀರಿಯಾ ಸಾಕಿಕೊಂಡು ಗಾಳಿಯ ಸಾರಜನಕ ಪಡೆಯುತ್ತೆ ಅಂತ 2018ರಲ್ಲಿ ವರದಿಯಾಯಿತು. 2024ರಲ್ಲಿ ಸಮುದ್ರದ ಒಂದು ಪಾಚಿಯೊಳಗೆ ಸಾರಜನಕ ಸ್ಥಿರೀಕರಿಸುವ ಅಂಗವೇ ಇದೆ ಅಂತ ತಿಳಿಯಿತು. ಅದಕ್ಕೆ ನೈಟ್ರೋಪ್ಲಾಸ್ಟ್ ಅಂತ ಹೆಸರಿಟ್ಟಿದ್ದಾರೆ.

ಈ ಭಾನುವಾರ ಒಂದು ಪ್ರಯೋಗ

ಹೊಲ ಇಲ್ಲದವರೂ ಮಾಡಬಹುದು. ಕ್ಯಾಂಪಸ್‌ನ ಮೈದಾನದ ಅಂಚಲ್ಲಿ ಮುಟ್ಟಿದರೆ ಮುನಿ ಗಿಡ ಇರುತ್ತೆ ನೋಡಿ, ಅದೂ ಇದೇ ಬಳಗದ್ದು. ಮಳೆ ಬಿದ್ದ ಮರುದಿನ, ಎಳೆಯದೊಂದು ಗಿಡವನ್ನು ಕೀಳದೆ, ಸುತ್ತ ಅಗೆದು ಮಣ್ಣಿನ ಹೆಂಟೆ ಸಮೇತ ಎತ್ತಿ. ಎಳೆದರೆ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ನೀರಲ್ಲಿ ನೆನೆಸಿ ತೊಳೆಯಿರಿ. ಬೇರಿನ ಪಕ್ಕಕ್ಕೆ ಅಂಟಿಕೊಂಡು, ಬೆರಳಿಂದ ಒತ್ತಿದರೆ ಸುಲಭವಾಗಿ ಬಿಡಿಸಿಕೊಂಡು ಬರುವುದು ರೈಜೋಬಿಯಂ ಗಂಟು. ಬೇರೇ ಊದಿಕೊಂಡಂತೆ ಇದ್ದು ಬಿಡಿಸಲು ಬಾರದಿದ್ದರೆ ಅದು ಜಂತುಹುಳದ ರೋಗದ ಗಂಟು. ಉಗುರಿನಿಂದ ಸೀಳಿ ನೋಡಿ. ಗುಲಾಬಿ ಇದ್ದರೆ ರಿಯಾಕ್ಟರ್ ನಡೀತಿದೆ. ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ, ಅಥವಾ ಸೋಮಾರಿ ತಳಿ. ಹಸಿರು ಅಥವಾ ಕಂದು ಇದ್ದರೆ ಕೆಲಸ ಮುಗಿದಿದೆ.

ನಮ್ಮ ಮನೆಯಲ್ಲಿ ಮುಂದಿನ ಮಳೆಗಾಲಕ್ಕೆ ಒಂದು ಒಪ್ಪಂದ ಆಗಿದೆ. ಅಲಸಂದೆ ಬೆಳೆದ ಪಟ್ಟೆಗೆ ರಾಗಿ ಹಾಕ್ತೀವಿ. ಅದನ್ನು ಮೂರು ಪಾಲು ಮಾಡಿ, ಒಂದಕ್ಕೆ ಪೂರ್ತಿ ಯೂರಿಯಾ, ಒಂದಕ್ಕೆ ಮುಕ್ಕಾಲು, ಒಂದಕ್ಕೆ ಅರ್ಧ. ಮೂರನ್ನೂ ಬೇರೆ ಬೇರೆ ಕೊಯ್ದು ತೂಕ ಮಾಡೋದು ನನ್ನ ಜವಾಬ್ದಾರಿ. ಅಪ್ಪ ಒಪ್ಪಿದ್ದಾರೆ, ಆದ್ರೆ "ರಾಗಿ ಕಮ್ಮಿ ಬಂದ್ರೆ ನಿನ್ ಕಾಲೇಜಿನ್ ಫೀಸ್‌ನಲ್ಲಿ ಹಿಡ್ಕೊತೀನಿ" ಅಂತ ಷರತ್ತೂ ಹಾಕಿದ್ದಾರೆ. ಮೂರು ಪಾಲಿನ ತೂಕ ಎಷ್ಟು ಬಂತು ಅನ್ನೋದನ್ನು, ಚೆನ್ನಾಗಿ ಬಂದರೂ ಕಮ್ಮಿ ಬಂದರೂ, ಮುಂದಿನ ವರ್ಷ ಇಲ್ಲೇ ಬರೀತೀನಿ.